ಚಳಿ ಸೀಮೆಯಲ್ಲಿ ನೇರ ಬಿತ್ತನೆ ಭತ್ತ: ಹದಿನೈದು ದಿನ ಮುಂಚೆ ಬಿತ್ತಿದರೆ ಲಾಭವೋ ನಷ್ಟವೋ?

ರಿವರಿನಾ ವಾಸಿ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಭದ್ರಾ ಕಾಲುವೆಯ ನೀರು ಕಂಡು ಬೆಳೆದವನು. ಈಗ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಿವರಿನಾ ಬಯಲಿನಲ್ಲಿ, ಲೀಟನ್ ಪಟ್ಟಣದ ಹತ್ತಿರ ಭತ್ತ ಬೆಳೆಯುವ ಒಂದು ಜಮೀನಿನಲ್ಲಿ ಕೆಲಸಕ್ಕಿದ್ದೇನೆ.

ಇಲ್ಲಿ ಸಸಿಮಡಿ, ನಾಟಿ ಎಂಬುದೇ ಇಲ್ಲ. ಎಲ್ಲವೂ ನೇರ ಬಿತ್ತನೆ. ಅದರಲ್ಲಿ ಎರಡು ಬಗೆ. ಒಂದು, ಗದ್ದೆಗೆ ನೀರು ತುಂಬಿಸಿ ಮೊಳಕೆ ಕಟ್ಟಿದ ಬೀಜವನ್ನು ವಿಮಾನದಿಂದ ಎರಚುವುದು. ಇನ್ನೊಂದು, ಒಣ ಮಣ್ಣಿಗೆ ಯಂತ್ರದ ಕೂರಿಗೆಯಿಂದ ಬಿತ್ತಿ, ಆಮೇಲೆ ನೀರು ಹಾಯಿಸಿ ಬಸಿಯುವುದು. ನಮ್ಮ ಯಜಮಾನರು ಈಗ ಎರಡನೆಯ ದಾರಿ ಹಿಡಿದಿದ್ದಾರೆ. ಡಿಸೆಂಬರ್ ಕೊನೆಯವರೆಗೂ ಗದ್ದೆಯಲ್ಲಿ ನೀರು ನಿಲ್ಲಿಸುವುದಿಲ್ಲ, ಆಗಾಗ ಹಾಯಿಸುವುದಷ್ಟೇ. ನೀರು ಉಳಿಯುತ್ತದೆ, ಆದರೆ ಪೈರು ಒಂದು ವಾರ, ಹತ್ತು ದಿನ ತಡವಾಗುತ್ತದೆ. ಅದನ್ನು ಸರಿದೂಗಿಸಲು ಈ ಬಾರಿ ಅಕ್ಟೋಬರ್ ಎರಡನೆಯ ವಾರದ ಬದಲು ಸೆಪ್ಟೆಂಬರ್ ಕೊನೆಯಲ್ಲೇ ಬಿತ್ತೋಣ ಎನ್ನುತ್ತಿದ್ದಾರೆ.

ಸೆಪ್ಟೆಂಬರ್ ಇಲ್ಲಿ ಚಳಿಗಾಲ ಮುಗಿದು ವಸಂತ ಕಾಲಿಡುವ ಹೊತ್ತು. ಹಗಲು ಹಿತವಾಗಿರುತ್ತದೆ, ರಾತ್ರಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಪಕ್ಕದ ಜಮೀನಿನವರು "ಬೀಜ ಕೊಳೆತು ಹೋಗುತ್ತದೆ" ಎಂದರೆ, ನಮ್ಮವರು "ಬೀಜ ಮಣ್ಣಿನಲ್ಲಿ ಮಲಗಿರುತ್ತದೆ, ಬಿಸಿಲು ಬಂದಾಗ ಏಳುತ್ತದೆ" ಎನ್ನುತ್ತಾರೆ. ಯಾರ ಮಾತು ನಿಜ? ತಿಳಿದವರು ಹೇಳಿ.

ಕೂರಿಗೆ
ಹಾನಗಲ್ ಸೀಮೆಯ ಕೂರಿಗೆ ಭತ್ತದವನು ನಾನು. ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಒಣ ಮಣ್ಣಿನಲ್ಲಿ ಬಿದ್ದ ಬೀಜ ಕೊಳೆಯುವುದೂ ಇಲ್ಲ, ಏಳುವುದೂ ಇಲ್ಲ. ನಾವು ರೋಹಿಣಿಗೆ ಮೊದಲೇ ಬಿತ್ತಿ ಮಳೆ ಕಾಯುತ್ತೇವಲ್ಲ, ಆ ಬೀಜಕ್ಕೆ ಏನೂ ಆಗುವುದಿಲ್ಲ. ಇರುವೆ, ಹಕ್ಕಿಗಳ ಪಾಲು ಬೇರೆ ಮಾತು. ನೀವು ಮೊದಲ ನೀರು ಹಾಯಿಸುವ ದಿನವೇ ನಿಮ್ಮ ಬಿತ್ತನೆಯ ದಿನ. ಯಂತ್ರ ಓಡಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊಳೆದಂಡೆ
ವಿಮಾನದಿಂದ ಭತ್ತ ಬಿತ್ತುತ್ತಾರೆಯೇ? ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವುದೇ ಕಷ್ಟ.

ಸಸಿಮಡಿ
ಕೂರಿಗೆಯವರು ಹೇಳಿದ್ದು ಸರಿ. ಒಣ ಬಿತ್ತನೆಯಲ್ಲಿ ಅವಧಿಯನ್ನು ಮೊದಲ ನೀರಿನಿಂದಲೇ ಎಣಿಸಬೇಕು. ನಾನು ಬೀಜ ವಿಜ್ಞಾನ ಓದಿದವಳು, ಸ್ವಲ್ಪ ಅಂಕಿ ಸಂಖ್ಯೆ ಕೊಡುತ್ತೇನೆ.

ಭತ್ತದ ಪ್ರತಿ ಹಂತಕ್ಕೂ ಅದರದೇ ಆದ ಚಳಿಯ ಗಡಿ ಇದೆ. ಮೊಳಕೆಯೊಡೆಯಲು ಸುಮಾರು 10 ಡಿಗ್ರಿ ಸೆಲ್ಸಿಯಸ್ ಕನಿಷ್ಠ, 20ರಿಂದ 35 ಹಿತ. ಆದರೆ ಮೊಳಕೆ ಮಣ್ಣು ಸೀಳಿ ಮೇಲೆ ಬಂದು ನೆಲೆಯೂರಲು 12-13 ಡಿಗ್ರಿಯಾದರೂ ಬೇಕು, 25ರಿಂದ 30 ಹಿತ. ಬೇರು ಚೆನ್ನಾಗಿ ಇಳಿಯಲು 16ರ ಮೇಲೆ ಇರಬೇಕು. ಗಮನಿಸಿ, ಬೀಜ ಒಡೆಯುವ ಗಡಿಗಿಂತ ಬೇರಿನ ಗಡಿ ಮೇಲಿದೆ. ಹಾಗಾಗಿ 11-12 ಡಿಗ್ರಿಯ ಮಣ್ಣಿನಲ್ಲಿ ಬೀಜ ಬಾಯಿ ಬಿಡುತ್ತದೆ, ಆದರೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಸಿಕ್ಕಿಬೀಳುತ್ತದೆ. ಒಣ ಬೀಜ ಮಲಗಿರಬಹುದು, ನೆಂದ ಬೀಜ ಮಲಗುವುದಿಲ್ಲ. ಒಳಗಿನ ಪಿಷ್ಟವನ್ನು ಕರಗಿಸುತ್ತಾ ಉಸಿರಾಡುತ್ತಲೇ ಇರುತ್ತದೆ, ಬೆಳವಣಿಗೆ ಮಾತ್ರ ಕಾಣುವುದಿಲ್ಲ. ಆ ಕಾಲದಲ್ಲಿ ಶಿಲೀಂಧ್ರ ಹಿಡಿಯುತ್ತದೆ.

ಇನ್ನೊಂದು ಸಂಗತಿ. ಚೆನ್ನಾಗಿರುವ ಬೀಜ 27ರಿಂದ 37 ಡಿಗ್ರಿಯಲ್ಲಿ ಎರಡೇ ದಿನಕ್ಕೆ ನೂರಕ್ಕೆ ತೊಂಬತ್ತು ಮೊಳೆಯುತ್ತದೆ. ಅದೇ ಬೀಜಕ್ಕೆ 15 ಡಿಗ್ರಿಯಲ್ಲಿ ಆರು ದಿನ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಮೊಳೆಯುತ್ತದೆ. ಅಂದರೆ 15 ಡಿಗ್ರಿ ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ. 10ರ ಹತ್ತಿರ ಹೋದಾಗಲೇ ನಿಜವಾದ ಅಪಾಯ.

ಕಾರಟಗಿ ಕ್ಯಾಂಪ್
ಮೇಡಂ, ಅದು ಪ್ರಯೋಗಾಲಯದ ತಟ್ಟೆಯ ಲೆಕ್ಕ. ಅಲ್ಲಿ 15 ಎಂದರೆ ಹಗಲೂ ರಾತ್ರಿಯೂ 15. ಗದ್ದೆಯಲ್ಲಿ ಮಧ್ಯಾಹ್ನ 24, ಬೆಳಗಿನ ಜಾವ 7. ಬೀಜಕ್ಕೆ ಯಾವುದು ಲೆಕ್ಕಕ್ಕೆ ಬರುತ್ತದೆ?

ಸಸಿಮಡಿ
ಒಳ್ಳೆಯ ಪ್ರಶ್ನೆ ಸರ್. ಮಟ್ಟಸವಾಗಿ ಹೇಳುವುದಾದರೆ ದಿನದ ಸರಾಸರಿಯಲ್ಲಿ 10ನ್ನು ಕಳೆಯಿರಿ. ಉಳಿದದ್ದು ಆ ದಿನ ಪೈರಿಗೆ ದಕ್ಕಿದ ಶಾಖ. ಹಾಗೆ ದಕ್ಕಿದ್ದನ್ನು ಕೂಡಿಸುತ್ತಾ ಹೋಗಬೇಕು. ಇದು ಕಚ್ಚಾ ಲೆಕ್ಕ, ಆದರೆ ಕ್ಯಾಲೆಂಡರ್ ನೋಡುವುದಕ್ಕಿಂತ ವಾಸಿ.

ರಿವರಿನಾ ಅಣ್ಣನ ಪ್ರಶ್ನೆಗೆ ಇದನ್ನೇ ಹಚ್ಚಿ ನೋಡೋಣ. ಉದಾಹರಣೆಗೆ ಸೆಪ್ಟೆಂಬರ್ ಕೊನೆಯಲ್ಲಿ ಹಗಲು 22, ರಾತ್ರಿ 8 ಎಂದುಕೊಳ್ಳಿ. ಸರಾಸರಿ 15, ದಿನಕ್ಕೆ ದಕ್ಕುವುದು 5. ಹದಿನೈದು ದಿನಕ್ಕೆ 75. ಜನವರಿಯಲ್ಲಿ ಸರಾಸರಿ 25 ಎಂದುಕೊಂಡರೆ ದಿನಕ್ಕೆ 15 ದಕ್ಕುತ್ತದೆ. ಅಂದರೆ ಸೆಪ್ಟೆಂಬರಿನ ಹದಿನೈದು ದಿನದಲ್ಲಿ ಕೂಡಿಟ್ಟದ್ದು ಜನವರಿಯ ಐದು ದಿನಕ್ಕೆ ಸಮ. ಹದಿನೈದು ದಿನ ಮುಂಚೆ ಬಿತ್ತಿ ಹೂವಿನ ಹೊತ್ತಿಗೆ ಗಳಿಸುವುದು ಐದು ದಿನ ಅಷ್ಟೇ!

ಹೊಳೆದಂಡೆ
ಇದು ಬ್ಯಾಂಕಿನ ಬಡ್ಡಿಗಿಂತಲೂ ಕಡಿಮೆಯಾಯಿತು.

ಕೂರಿಗೆ
ಐದು ದಿನಕ್ಕಾಗಿ ಹದಿನೈದು ದಿನ ಬೀಜವನ್ನು ಹಕ್ಕಿಗೂ ಹುಳಕ್ಕೂ ಒಡ್ಡುವುದು ಯಾವ ಜಾಣತನ? ಜೊತೆಗೆ ಕಳೆ. ಚಳಿಯಲ್ಲಿ ಭತ್ತಕ್ಕಿಂತ ಮುಂಚೆ ಏಳುವ ಹುಲ್ಲುಗಳು ಎಲ್ಲ ಕಡೆಯೂ ಇರುತ್ತವೆ. ಭತ್ತ ತಲೆ ಎತ್ತುವಷ್ಟರಲ್ಲಿ ಅವು ಗದ್ದೆ ಹಿಡಿದಿರುತ್ತವೆ. ನೇರ ಬಿತ್ತನೆಯಲ್ಲಿ ಸೋತವರನ್ನೆಲ್ಲ ಕೇಳಿ ನೋಡಿ, ನೂರಕ್ಕೆ ತೊಂಬತ್ತು ಮಂದಿ ಕಳೆಗೆ ಸೋತವರೇ. ಚಳಿಯ ಹೆಸರು ಹೇಳುವುದು ಆಮೇಲೆ.

ರಿವರಿನಾ ವಾಸಿ
ಐದು ದಿನ ಎಂದು ಕಡೆಗಣಿಸುವಂತಿಲ್ಲ ಯಜಮಾನರೇ. ಇಲ್ಲಿ ಆಟವೆಲ್ಲ ಇರುವುದೇ ಕೊನೆಯಲ್ಲಿ. ಹೊಡೆಯ (ಕಾಂಡದೊಳಗೆ ಇನ್ನೂ ಅಡಗಿರುವ ಎಳೆಯ ತೆನೆಯ) ಒಳಗೆ ಪರಾಗ ರೂಪುಗೊಳ್ಳುವ ಹೊತ್ತು, ಅಂದರೆ ತೆನೆ ಹೊರಬರಲು ಹತ್ತು ಹನ್ನೆರಡು ದಿನ ಬಾಕಿ ಇರುವಾಗ, ರಾತ್ರಿ ಉಷ್ಣಾಂಶ 15ಕ್ಕಿಂತ ಕೆಳಗೆ ಹೋದರೆ ಪರಾಗ ಬಂಜೆಯಾಗುತ್ತದೆ. ತೆನೆ ನೋಡಲು ಸೊಗಸಾಗಿ ನೆಟ್ಟಗೆ ನಿಂತಿರುತ್ತದೆ, ಬಾಗುವುದೇ ಇಲ್ಲ. ಮುಟ್ಟಿದರೆ ಜೊಳ್ಳು. ಆ ಹಂತ ಜನವರಿಯ ಎರಡನೆಯ ಭಾಗ ಮತ್ತು ಫೆಬ್ರವರಿ ಮೊದಲ ವಾರದೊಳಗೆ ಬೀಳಬೇಕು, ಏಕೆಂದರೆ ಇಲ್ಲಿಯ ಬೆಚ್ಚನೆಯ ರಾತ್ರಿಗಳು ಅವೇ. ತಡವಾಗಿ ಬಿತ್ತಿದ ಗದ್ದೆ ಆ ಕಿಟಕಿಯನ್ನು ದಾಟಿ ಫೆಬ್ರವರಿ ಕೊನೆಗೆ ಹೋದರೆ ಯಾವ ಗೊಬ್ಬರವೂ ಕಾಪಾಡುವುದಿಲ್ಲ.

ಅದಕ್ಕೇ ಆ ದಿನಗಳಲ್ಲಿ ಗದ್ದೆಗೆ 20ರಿಂದ 25 ಸೆಂಟಿಮೀಟರ್ ಆಳ ನೀರು ನಿಲ್ಲಿಸುತ್ತೇವೆ. ಹೊಡೆ ಇನ್ನೂ ಕೆಳಗೆ ಇರುವಾಗ ನೀರು ಅದನ್ನು ಮುಚ್ಚಿ ರಾತ್ರಿಯ ಗಾಳಿಯಿಂದ ಕಾಯುತ್ತದೆ. ಹಗಲು ಕುಡಿದ ಶಾಖವನ್ನು ನೀರು ಬೆಳಗಿನ ಜಾವದವರೆಗೆ ಹಿಡಿದಿಟ್ಟುಕೊಳ್ಳುತ್ತದೆ.

ಮಡಿಕೇರಿ ಮಂಜು
ಇದು ನಮಗೆ ಚೆನ್ನಾಗಿ ಗೊತ್ತಿರುವ ನೋವು. ಕೊಡಗಿನಲ್ಲಿ ಮಳೆ ಕೈಕೊಟ್ಟು ನಾಟಿ ತಡವಾದ ವರ್ಷ ಹೊಡೆ, ಹೂವು ಎಲ್ಲ ನವೆಂಬರ್ ಚಳಿಗೆ ಸಿಕ್ಕಿಬೀಳುತ್ತವೆ. ಪುತ್ತರಿಗೆ ಕದಿರು ತೆಗೆಯಲು ಹೋದರೆ ತೆನೆಯಲ್ಲಿ ಅರ್ಧ ಜೊಳ್ಳು. ಹಿರಿಯರು "ಚಳಿ ಹೊಡೆದಿದೆ" ಎನ್ನುತ್ತಿದ್ದರು, ರೋಗದ ಔಷಧ ಮಾರುವವರು ಬೇರೆಯದೇ ಹೆಸರು ಹೇಳಿ ಬಾಟಲಿ ಕೊಡುತ್ತಿದ್ದರು. ಮಲೆನಾಡಿನಲ್ಲಿ ಇಂಟಾನ್ ತಳಿ ಇಷ್ಟು ಕಾಲ ಉಳಿದುಕೊಂಡಿರುವುದು ಸುಮ್ಮನೆಯೇ?

ಕೂರಿಗೆ
ಇಂಟಾನ್ ಉಳಿದಿರುವುದು ಬೆಂಕಿ ರೋಗ ತಡೆಯುತ್ತದೆ ಎಂದು. ಚಳಿಗೆ ಅಲ್ಲ.

ಮಡಿಕೇರಿ ಮಂಜು
ಎರಡಕ್ಕೂ ಎಂದುಕೊಳ್ಳಿ. ನಮ್ಮ ಗದ್ದೆಗೆ ಬಂದು ನೋಡಿ ಆಮೇಲೆ ಮಾತನಾಡೋಣ, ಕಾಫಿ ನನ್ನದು.

ಸ್ಯಾಕ್ರಮೆಂಟೊ ಕನ್ನಡಿಗ
ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಿಂದ ಬರೆಯುತ್ತಿದ್ದೇನೆ. ನಾನು ರೈತನಲ್ಲ, ಆದರೆ ಮನೆಯಿಂದ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಭತ್ತದ ಗದ್ದೆಗಳು. ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ ಹಳದಿ ವಿಮಾನಗಳು ನೆಲಕ್ಕೆ ತಾಗುವಂತೆ ಹಾರಿ ಬೀಜ ಎರಚುತ್ತವೆ. ಮಗ ಅದನ್ನು ನೋಡಲು ಕಾರು ನಿಲ್ಲಿಸುವಂತೆ ಹಟ ಮಾಡುತ್ತಾನೆ.

ಇಲ್ಲಿ ಚಳಿಯ ಮೂಲ ಗಾಳಿಯಷ್ಟೇ ಅಲ್ಲ, ನೀರು ಕೂಡ. ಸಿಯೆರಾ ನೆವಾಡಾದ ಹಿಮ ಕರಗಿದ ನೀರು ಅಣೆಕಟ್ಟಿನ ಆಳದಿಂದ ಬರುತ್ತದೆ. 1960ರ ದಶಕದಲ್ಲಿ ಓರೊವಿಲ್ ಅಣೆಕಟ್ಟು ಕಟ್ಟುವಾಗ ಕೆಳಗಿನ ಭತ್ತದ ರೈತರಿಗೆ ಇದೇ ಚಿಂತೆ. ಅಲ್ಲಿಯ ಥರ್ಮಲಿಟೊ ಎಂಬ ಅಗಲವಾದ, ಆಳವಿಲ್ಲದ ಜಲಾಶಯದ ಕೆಲಸಗಳಲ್ಲಿ ಒಂದು, ಗದ್ದೆಗೆ ಬಿಡುವ ಮುಂಚೆ ನೀರನ್ನು ಬಿಸಿಲಿಗೆ ಕಾಯಿಸುವುದು. ಹಾಗಿದ್ದರೂ ನೀರು ಒಳಬರುವ ಮೊದಲ ಮಡಿಯಲ್ಲಿ ಪೈರು ಗಿಡ್ಡ, ಹಸಿರು ಹಸಿರು, ಕೊಯ್ಲಿಗೆ ತಡ. ರಸ್ತೆಯಿಂದಲೇ ಕಾಣುತ್ತದೆ: ತೂಬಿನ ಹತ್ತಿರ ಹಸಿರು, ದೂರದಲ್ಲಿ ಹೊನ್ನಿನ ಬಣ್ಣ.

ಕಾರಟಗಿ ಕ್ಯಾಂಪ್
ನಮ್ಮಲ್ಲಿ ಉಲ್ಟಾ. ತೂಬಿನ ಹತ್ತಿರದವನ ಪೈರು ಬಂಗಾರ, ಕಾಲುವೆಯ ಕೊನೆಯವನದು ಒಣ ನೆಲ.

ಹೊಳೆದಂಡೆ
ಮೇಲಿನ ಮಾತಿಗೆ ತುಂಗಭದ್ರಾ ಕೊನೆ ಭಾಗದ ರೈತರೆಲ್ಲರ ಪರವಾಗಿ ಒಂದು ನಮಸ್ಕಾರ.

ಅಕ್ಕಿರೊಟ್ಟಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಚಳಿ ದೇಶದ ಅಕ್ಕಿಯ ಅನ್ನ ಏಕೆ ಅಂಟುತ್ತದೆ? ಮೆಲ್ಬರ್ನಿನಲ್ಲಿರುವ ತಂಗಿಯ ಮನೆಯಲ್ಲಿ ಅಲ್ಲಿಯದೇ ಮಧ್ಯಮ ಗಾತ್ರದ ಅಕ್ಕಿ ಬೇಯಿಸಿದರೆ ಚಿತ್ರಾನ್ನ ಮುದ್ದೆಯಾಯಿತು. ಬಿಸಿಬೇಳೆಬಾತಿಗೆ ಮಾತ್ರ ಬಹಳ ಚೆನ್ನಾಗಿತ್ತು.

ಸಸಿಮಡಿ
ಅಕ್ಕ, ಅದಕ್ಕೂ ಈ ಚರ್ಚೆಗೂ ನಂಟಿದೆ! ಚಳಿ ತಡೆಯುವ ತಳಿಗಳಲ್ಲಿ ಬಹುಪಾಲು ಜಪೋನಿಕಾ ಬಳಗದವು. ಅವುಗಳ ಪಿಷ್ಟದಲ್ಲಿ ಅನ್ನವನ್ನು ಉದುರಾಗಿಸುವ ಅಮೈಲೋಸ್ ಎಂಬ ಅಂಶ ಕಡಿಮೆ, ಹಾಗಾಗಿ ಅನ್ನ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನಮ್ಮ ಸೋನಾ ಮಸೂರಿ ಇಂಡಿಕಾ ಬಳಗದ್ದು, ಉದುರು ಅನ್ನ ಕೊಡುತ್ತದೆ, ಚಳಿಗೆ ಸೊರಗುತ್ತದೆ. ಅಂಟು ಮತ್ತು ಚಳಿ ತಡೆಯುವ ಗುಣ ಒಂದೇ ಜೀನ್‌ನಿಂದ ಬರುತ್ತವೆ ಎಂದಲ್ಲ, ಒಂದೇ ಬಳಗದಲ್ಲಿ ಕೂಡಿ ಬಂದಿವೆ.

ತಳಿಯ ವಿಷಯ ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಚಳಿಯಲ್ಲಿ ಮೊಳೆಯುವ ಶಕ್ತಿಗೆ ಕಾರಣವಾದ ಒಂದು ಮುಖ್ಯ ಜೀನ್ ಅನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಅದು ಸಿಕ್ಕಿದ್ದು 'ಇಟಾಲಿಕಾ ಲಿವೋರ್ನೊ' ಎಂಬ ಇಟಲಿಯ ತಳಿಯಲ್ಲಿ, ಹೊಕ್ಕೈಡೊದ ತಳಿಯೊಂದರ ಜೊತೆ ಅದನ್ನು ಕೂಡಿಸಿ ನೋಡಿದಾಗ. 2015ರಲ್ಲಿ ಚೀನಾದವರು 'ಕೋಲ್ಡ್1' ಎಂಬ ಇನ್ನೊಂದು ಜೀನ್ ಬಗ್ಗೆ ಪ್ರಕಟಿಸಿದರು. ಜಪೋನಿಕಾದಲ್ಲಿ ಅದರ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುವುದು ಸಸಿಗೆ ಚಳಿ ತಡೆಯುವ ಬಲ ಕೊಡುತ್ತದೆ. ಮೊಳಕೆಯಲ್ಲಿ ಚಳಿ ತಡೆದ ತಳಿ ಹೊಡೆಯಲ್ಲೂ ತಡೆಯಬೇಕೆಂದಿಲ್ಲ. ಎರಡೂ ಬೇರೆ ಬೇರೆ ಗುಣ. ಅಂಗಡಿಯವರು "ಚಳಿ ತಡೆಯುತ್ತದೆ" ಎಂದರೆ ಯಾವ ಹಂತದಲ್ಲಿ ಎಂದು ಕೇಳಿ.

ಅಕ್ಕಿರೊಟ್ಟಿ
ಚಿತ್ರಾನ್ನಕ್ಕೂ ಜೀನ್‌ಗೂ ಇಷ್ಟು ಹತ್ತಿರದ ಸಂಬಂಧ ಇದೆಯೆಂದು ಗೊತ್ತಿರಲಿಲ್ಲ. ಆದರೂ ಸೋನಾ ಮಸೂರಿಗೆ ಅಲ್ಲಿ ಕೊಡುವ ಬೆಲೆ ನೋಡಿದರೆ ತಲೆ ತಿರುಗುತ್ತದೆ.

ಹೊಳೆದಂಡೆ
ಇಲ್ಲಿಯ ಬೆಲೆ ನೋಡಿದರೂ ತಿರುಗುತ್ತದೆ ಅಕ್ಕ. ಬೆಳೆದವನಿಗೆ ಸಿಕ್ಕಿದ ಬೆಲೆ ಕೇಳಿದರೆ ನಿಂತೇ ಹೋಗುತ್ತದೆ.

ನಿರ್ವಾಹಕ
ಅಕ್ಕಿ ಬೆಲೆಯ ಮಾತಿಗೆ ಬೇರೆ ಚರ್ಚೆ ತೆರೆದಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಬಿತ್ತನೆ, ಚಳಿ.

ಮಿಲಾನೊ ಮನೆ
ಇಟಲಿಯ ಹೆಸರು ಬಂದದ್ದು ನೋಡಿ ಬಂದೆ. ಇಲ್ಲಿ ಪೊ ನದಿಯ ಬಯಲಿನಲ್ಲಿ, ವೆರ್ಚೆಲ್ಲಿ, ನೊವಾರಾ, ಪಾವಿಯಾ ಸುತ್ತ ಯೂರೋಪಿನಲ್ಲೇ ಹೆಚ್ಚು ಭತ್ತ ಬೆಳೆಯುತ್ತಾರೆ. 1866ರಲ್ಲಿ ತೆರೆದ ಕಾವೂರ್ ಕಾಲುವೆಯ ಜಾಲವೇ ಅದರ ಜೀವನಾಡಿ. ಹಳೆಯ ಪದ್ಧತಿ ಎಂದರೆ ಏಪ್ರಿಲ್‌ನಲ್ಲಿ ಗದ್ದೆಗೆ ನೀರು ತುಂಬಿ ಅದರ ಮೇಲೆ ಬೀಜ ಎರಚುವುದು. ನೀರು ನಿಲ್ಲಿಸುವುದು ಕಳೆಗಾಗಿ ಮಾತ್ರ ಎಂದುಕೊಂಡಿದ್ದೆ. ನಾನು ಬಾಡಿಗೆಗಿರುವ ಮನೆಯ ಒಡೆಯ ಹಿಂದೆ ಭತ್ತ ಬೆಳೆಯುತ್ತಿದ್ದವರು. ಅವರು ಹೇಳುವುದು ಬೇರೆ: ವಸಂತದ ರಾತ್ರಿಗಳಲ್ಲಿ ಮೊಳಕೆಗೆ ನೀರೇ ಹೊದಿಕೆ.

ಈಗ ಇಲ್ಲಿಯೂ ಬಹಳ ಮಂದಿ ಒಣ ಬಿತ್ತನೆಗೆ ತಿರುಗಿದ್ದಾರೆ. ಟ್ರ್ಯಾಕ್ಟರ್ ಕೆಲಸ ಹಗುರ, ನೀರು ತಡವಾಗಿ ಬಿಟ್ಟರೆ ಸಾಕು. ಆದರೆ ಹೊದಿಕೆ ಹೋಯಿತಲ್ಲ? ಮೊದಲ ವಾರಗಳ ಚಳಿಗೆ ಸಸಿ ನೇರವಾಗಿ ಮೈ ಒಡ್ಡುತ್ತದೆ. ಎಲ್ಲರೂ ಒಟ್ಟಿಗೇ ತಡವಾಗಿ ನೀರು ಕೇಳುವುದರಿಂದ ಜೂನ್‌ನಲ್ಲಿ ಕಾಲುವೆಯ ಮೇಲೆ ಜಗಳ. ಏಪ್ರಿಲ್‌ನಲ್ಲಿ ಗದ್ದೆಗಳಿಂದ ಇಂಗಿ ಅಂತರ್ಜಲ ತುಂಬುತ್ತಿದ್ದ ನೀರು ಕೂಡ ಕಡಿಮೆಯಾಗಿದೆ.

ಕೂರಿಗೆ
ಕಾಲುವೆಯ ಮೇಲೆ ಜಗಳ ಇಟಲಿಯಲ್ಲೂ ಇದೆ ಎಂದು ಕೇಳಿ ಮನಸ್ಸಿಗೆ ನೆಮ್ಮದಿಯಾಯಿತು.

ಸಸಿಮಡಿ
ನೀರು ಹೊದಿಕೆ ಎನ್ನುವುದು ಸರಿ, ಆದರೆ ಅದಕ್ಕೆ ಇನ್ನೊಂದು ಮುಖವಿದೆ. ನೀರಿನ ಅಡಿಯಲ್ಲಿ ಆಮ್ಲಜನಕ ಕಡಿಮೆ. ಅಂಥ ಕಡೆ ಭತ್ತದ ಬೀಜ ಮೊದಲು ಚಿಗುರಿನ ಕೊಳವೆಯನ್ನು ಮೇಲಕ್ಕೆ ಚಾಚುತ್ತದೆ, ಬೇರು ಇಳಿಸುವುದು ಆಮೇಲೆ. ಚಳಿಯಲ್ಲಿ ಆ ಚಾಚುವ ಕೆಲಸವೂ ನಿಧಾನ. ಬೇರಿಲ್ಲದ ಸಸಿ ತೇಲುತ್ತದೆ, ಗಾಳಿ ಬಂದರೆ ಬದುವಿನ ಮೂಲೆಗೆ ಸೇರುತ್ತದೆ. ಪಿಥಿಯಂ, ಅಕ್ಲಿಯಾ ಮುಂತಾದ ನೀರಿನ ಬೂಷ್ಟುಗಳು ಬೀಜದ ಸುತ್ತ ಬಿಳಿ ಎಳೆ ಹೆಣೆಯುವುದೂ ಆಗಲೇ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲೂ ಇಟಲಿಯಲ್ಲೂ ಬಿತ್ತಿದ ಕೆಲ ದಿನಕ್ಕೆ ನೀರು ಬಸಿದು ಬೇರು ನೆಲ ಹಿಡಿಯಲು ಬಿಡುವ ರೂಢಿ ಇದೆ.

ರಿವರಿನಾ ವಾಸಿ
ಬೂಷ್ಟು ಮಾತ್ರವಲ್ಲ. ಇಲ್ಲಿ ನೀರು ತುಂಬಿಸಿ ಬಿತ್ತಿದ ಗದ್ದೆಯಲ್ಲಿ ಕೆಂಪು ಹುಳಗಳು ಬರುತ್ತವೆ, ಸೊಳ್ಳೆಯಂಥ ಒಂದು ನೊಣದ ಮರಿಗಳು. ಎಳೆಯ ಬೇರನ್ನೂ ಬೀಜದ ತಿರುಳನ್ನೂ ತಿನ್ನುತ್ತವೆ. ಬೆಚ್ಚಗಿದ್ದರೆ ಸಸಿ ಬೇಗ ಬೆಳೆದು ಅವುಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ, ಚಳಿಯಲ್ಲಿ ಅಲ್ಲೇ ಕೂತು ತಿನ್ನಿಸಿಕೊಳ್ಳುತ್ತದೆ. ಆಮೇಲೆ ಬಾತುಕೋಳಿಗಳ ಸರದಿ.

ಒಣ ಬಿತ್ತನೆಯಲ್ಲಿ ಈ ಹುಳಗಳ ಕಾಟ ಇಲ್ಲದಿರುವುದೂ ನಮ್ಮ ಯಜಮಾನರು ಆ ಕಡೆ ಹೋಗಲು ಒಂದು ಕಾರಣ.

ಕಾರಟಗಿ ಕ್ಯಾಂಪ್
ನಾನು ಸ್ವಲ್ಪ ನಮ್ಮ ಕಡೆಯ ಮಾತು ಹೇಳುತ್ತೇನೆ. ಗಂಗಾವತಿ, ಸಿಂಧನೂರು ಕಡೆ ಚಳಿ ದೇಶ ಎಂದರೆ ಜನ ನಗುತ್ತಾರೆ. ಆದರೆ ಬೇಸಿಗೆ ಬೆಳೆಗೆ ಡಿಸೆಂಬರ್‌ನಲ್ಲಿ ಸಸಿಮಡಿ ಹಾಕುವವರಿಗೆ ಗೊತ್ತು. ಮುಂಗಾರಿನಲ್ಲಿ ಇಪ್ಪತ್ತೈದು ದಿನಕ್ಕೆ ನಾಟಿಗೆ ಬರುವ ಸಸಿ ಆಗ ತಿಂಗಳು ದಾಟಿದರೂ ಗೇಣುದ್ದ ಆಗುವುದಿಲ್ಲ. ಎಲೆ ಹಳದಿ, ಕೆಲವು ಕಡೆ ಎಲೆಗೆ ಅಡ್ಡಲಾಗಿ ಬಿಳಿ ಪಟ್ಟಿ. ಅಂಗಡಿಗೆ ಹೋದರೆ ಯೂರಿಯಾ ಹಾಕಿ ಎನ್ನುತ್ತಾರೆ. ಹಾಕಿದರೂ ಹಸಿರಾಗುವುದಿಲ್ಲ, ಸಂಕ್ರಾಂತಿ ಕಳೆದು ಬಿಸಿಲೇರಿದ ಮೇಲೆ ತಾನಾಗಿಯೇ ಹಸಿರಾಗುತ್ತದೆ. ಯಶಸ್ಸು ಯೂರಿಯಾಕ್ಕೆ!

ಈಗ ಕೆಲವರು ಬೇಸಿಗೆ ಬೆಳೆಗೂ ನೇರ ಬಿತ್ತನೆ ಮಾಡೋಣ ಎನ್ನುತ್ತಿದ್ದಾರೆ. ಕೂಲಿ ಸಿಗುವುದಿಲ್ಲ, ನಿಜ. ಆದರೆ ಸಸಿಮಡಿ ಎಂದರೆ ಒಂದು ಮೂಲೆ, ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಯಬಹುದು. ಇಡೀ ಗದ್ದೆಗೆ ಹಾಳೆ ಹೊದಿಸಲು ಆಗುತ್ತದೆಯೇ?

ಸಸಿಮಡಿ
ಅಣ್ಣ, ಆ ಹಳದಿಗೆ ಯೂರಿಯಾ ಅಲ್ಲ ಮದ್ದು. ಮಣ್ಣು ತಣ್ಣಗಿದ್ದಾಗ ಬೇರು ರಂಜಕವನ್ನೂ ಸತುವನ್ನೂ ಎಳೆದುಕೊಳ್ಳಲಾರದು. ನಿಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ ಸತು ಮೊದಲೇ ಕಷ್ಟ. ಸತುವಿನ ಸಲ್ಫೇಟ್ ಮೊದಲೇ ಮಣ್ಣಿಗೆ ಕೊಟ್ಟು ನೋಡಿ. ಇನ್ನು ಬಿಳಿ ಪಟ್ಟಿ ಎಂದರೆ ಆ ಭಾಗದ ಎಲೆ ಮೂಡುವಾಗ ಬಂದ ಚಳಿ ರಾತ್ರಿಯ ಗುರುತು. ರೋಗವಲ್ಲ.

ಬೋರ್‌ವೆಲ್ ಇದ್ದರೆ ಬಂಗಾಳ, ಅಸ್ಸಾಮಿನಲ್ಲಿ ಬೋರೊ ಭತ್ತ, ಅಂದರೆ ಚಳಿಗಾಲದಲ್ಲಿ ಸಸಿ ಹಾಕುವ ಭತ್ತ ಬೆಳೆಯುವವರ ಉಪಾಯ ಮಾಡಿ. ಸಂಜೆ ಮಡಿಗೆ ಬೋರ್‌ವೆಲ್ ನೀರು ಬಿಟ್ಟು ರಾತ್ರಿ ನಿಲ್ಲಿಸಿ, ಬೆಳಗ್ಗೆ ಬಸಿದು ಬಿಸಿಲಿಗೆ ಬಿಡುತ್ತಾರೆ. ಚಳಿಗಾಲದಲ್ಲಿ ನೆಲದಡಿಯ ನೀರು ರಾತ್ರಿಯ ಗಾಳಿಗಿಂತ ಬೆಚ್ಚಗಿರುತ್ತದೆ.

ಕಾರಟಗಿ ಕ್ಯಾಂಪ್
ಬೋರ್‌ವೆಲ್ ನೀರು ನಮ್ಮಲ್ಲಿ ಬಹಳ ಕಡೆ ಉಪ್ಪು ಮೇಡಂ. ಹಾಳೆಯೇ ಸರಿ.

ಹೊಳೆದಂಡೆ
ಕಾಲುವೆಗೆ ನೀರು ಬಂದರಲ್ಲವೇ ಬೇಸಿಗೆ ಬೆಳೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ನಾವು ಯಾರೂ ನಿದ್ದೆ ಮಾಡಿಲ್ಲ.

ಸಪ್ಪೊರೊ ದಾರಿ
ಜಪಾನಿನ ಹೊಕ್ಕೈಡೊದಲ್ಲಿ ಓದುತ್ತಿದ್ದೇನೆ. ಇಲ್ಲಿಯ ಒಂದು ಕಥೆ ನಿಮಗೆ ಇಷ್ಟವಾಗಬಹುದು. ಈ ದ್ವೀಪದಲ್ಲಿ ಭತ್ತ ಬೆಳೆಯುವುದು ಆಗದ ಮಾತು ಎಂದು ಸರ್ಕಾರವೇ ಅಂದುಕೊಂಡಿದ್ದ ಕಾಲದಲ್ಲಿ ನಕಾಯಾಮ ಕ್ಯೂಜೊ ಎಂಬ ರೈತ 1873ರಲ್ಲಿ 'ಅಕಾಗೆ' ಎಂಬ ತಳಿಯನ್ನು ಬೆಳೆದು ತೋರಿಸಿದ. ತಣ್ಣನೆಯ ಹೊಳೆ ನೀರು ಸಸಿಗೆ ಆಗದು ಎಂದು ಸ್ನಾನದ ನೀರು ಕಾಯಿಸಿ ಸಸಿಮಡಿಗೆ ಹೊಯ್ಯುತ್ತಿದ್ದನಂತೆ. ಇಂದು ಹೊಕ್ಕೈಡೊ ಜಪಾನಿನ ದೊಡ್ಡ ಭತ್ತದ ಸೀಮೆಗಳಲ್ಲಿ ಒಂದು.

ಹೊನ್ಶು ದ್ವೀಪದ ಅಕಿತದಲ್ಲಿ ಚೋಕಾಯ್ ಬೆಟ್ಟದ ಹಿಮದ ನೀರನ್ನು ಬೆಚ್ಚಗೆ ಮಾಡಲು ಊರಿನವರೇ 1927ರಿಂದ ವಿಶೇಷ ಕಾಲುವೆಗಳನ್ನು ಕಟ್ಟಿದರು. ಅಗಲ ಹೆಚ್ಚು, ಆಳ ಕಡಿಮೆ, ನಡುನಡುವೆ ಮೆಟ್ಟಿಲಿನಂತೆ ನೀರು ಬೀಳುವ ಹಾಗೆ. ನಿಧಾನವಾಗಿ ಹರಿಯುತ್ತಾ ಬಿಸಿಲು ಕುಡಿದು ಗದ್ದೆ ಸೇರುತ್ತದೆ. ಇವತ್ತಿಗೂ ಆ ಕಾಲುವೆಗಳು ಬಳಕೆಯಲ್ಲಿವೆ.

ಆದರೆ ನೇರ ಬಿತ್ತನೆ ಇಲ್ಲಿ ಇನ್ನೂ ಸ್ವಲ್ಪ ಮಟ್ಟಿಗೆ ಮಾತ್ರ. ಬೇಸಿಗೆ ಅಷ್ಟು ಚಿಕ್ಕದು. ಹಸಿರುಮನೆಯಲ್ಲಿ ಸಸಿ ಬೆಳೆಸಿ ನಾಟಿ ಮಾಡಿದರೆ ತಿಂಗಳು ಉಳಿಯುತ್ತದೆ, ನೇರ ಬಿತ್ತನೆಯಲ್ಲಿ ಆ ತಿಂಗಳು ಕೈಬಿಟ್ಟ ಹಾಗೆ. ಹಾಗಾಗಿ ಅದಕ್ಕೆ ಬೇಗ ಮಾಗುವ, ಚಳಿಯಲ್ಲಿ ಚುರುಕಾಗಿ ಮೊಳೆಯುವ ತಳಿಗಳನ್ನೇ ಹುಡುಕುತ್ತಾರೆ. ಕೆಸರಿನಲ್ಲಿ ಬಿತ್ತುವವರು ಆಮ್ಲಜನಕ ಬಿಡುವ ಕ್ಯಾಲ್ಸಿಯಂ ಪೆರಾಕ್ಸೈಡ್ ಪುಡಿಯನ್ನು ಬೀಜಕ್ಕೆ ಲೇಪಿಸುವುದೂ ಉಂಟು.

ಕೂರಿಗೆ
ಅಲ್ಲಿಯೂ ನಾಟಿಯೇ ಗೆದ್ದಿತು ಎಂದಾಯಿತು. ಚಳಿ ಇದ್ದಲ್ಲಿ ನೇರ ಬಿತ್ತನೆ ಜೂಜು.

ರಿವರಿನಾ ವಾಸಿ
ಜೂಜಾದರೆ ಇಲ್ಲಿ ಹೆಕ್ಟೇರಿಗೆ 10 ಟನ್ ದಾಟಿ ಹೇಗೆ ಬೆಳೆಯುತ್ತಾರೆ ಯಜಮಾನರೇ? ನೂರಾರು ಹೆಕ್ಟೇರ್ ಗದ್ದೆಗೆ ಕೈಬೆರಳಲ್ಲಿ ಎಣಿಸುವಷ್ಟು ಜನ. ನಾಟಿ ಮಾಡುವವರು ಯಾರು? ನೇರ ಬಿತ್ತನೆ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಯಾವ ದಿನ ಎಂಬುದಷ್ಟೇ ಪ್ರಶ್ನೆ. ಅದನ್ನೂ ಮುಂದಿನಿಂದ ಹಿಂದಕ್ಕೆ ಎಣಿಸುತ್ತಾರೆ: ಬೆಚ್ಚನೆಯ ರಾತ್ರಿಗಳು ಯಾವಾಗ, ಅಲ್ಲಿಗೆ ಹೊಡೆ ಬರಬೇಕಾದರೆ ಈ ತಳಿಗೆ ಎಷ್ಟು ದಿನ ಬೇಕು, ಹಾಗಾದರೆ ಮೊದಲ ನೀರು ಯಾವತ್ತು. ನಮ್ಮೂರಲ್ಲಿ ಮಳೆ ಬಂದ ದಿನದಿಂದ ಮುಂದಕ್ಕೆ ಎಣಿಸುತ್ತಿದ್ದೆವು.

ಸಸಿಮಡಿ
ಹಾಗೆ ಹಿಂದಕ್ಕೆ ಎಣಿಸುವಾಗ ತುಂಬಾ ಮುಂಚೆ ಬಿತ್ತಿದರೂ ಅಪಾಯವೇ, ನೆನಪಿಡಿ. ಜನವರಿ ಆರಂಭದಲ್ಲೂ ಚಳಿ ರಾತ್ರಿಗಳು ನುಗ್ಗಿ ಬರಬಹುದು. ಹೊಡೆ ಕಿಟಕಿಗಿಂತ ಮುಂಚೆ ಬಂದರೂ ಜೊಳ್ಳು, ತಡವಾದರೂ ಜೊಳ್ಳು.

ಸ್ಯಾಕ್ರಮೆಂಟೊ ಕನ್ನಡಿಗ
ಒಂದು ಸಂದೇಹ. ಚಳಿಯಲ್ಲಿ ನೂರಕ್ಕೆ ಇಷ್ಟು ಬೀಜ ಸಾಯುತ್ತದೆ ಎಂದು ಗೊತ್ತಿದ್ದರೆ ಅಷ್ಟು ಹೆಚ್ಚು ಬೀಜ ಹಾಕಿದರೆ ಮುಗಿಯಿತಲ್ಲ?

ಕೂರಿಗೆ
ಬೀಜ ನಿಮ್ಮ ಮಾವನ ಮನೆಯಿಂದ ಬರುತ್ತದೆಯೇ?

ರಿವರಿನಾ ವಾಸಿ
ಇಲ್ಲಿ ಈಗಲೇ ಹೆಕ್ಟೇರಿಗೆ 125ರಿಂದ 150 ಕೆಜಿ ಹಾಕುತ್ತಾರೆ. ಚದರ ಮೀಟರಿಗೆ 100ರಿಂದ 200 ಸಸಿ ನಿಂತರೆ ಸಾಕು. ಹೆಚ್ಚು ಹಾಕಿದ ವರ್ಷವೇ ಬಿಸಿಲು ಬಂದು ಎಲ್ಲವೂ ಎದ್ದರೆ ಗದ್ದೆ ಒತ್ತಾಗಿ ಕೊನೆಯಲ್ಲಿ ಪೈರು ಮಲಗುತ್ತದೆ. ಇನ್ನೂ ಒಂದು: ಚಳಿ ಎಲ್ಲ ಕಡೆಯೂ ಸಮವಾಗಿ ಕೊಲ್ಲುವುದಿಲ್ಲ. ತಗ್ಗಿನಲ್ಲಿ ನೀರು ನಿಂತ ಕಡೆ ಪೂರ್ತಿ ಖಾಲಿ, ದಿಬ್ಬದ ಮೇಲೆ ದಟ್ಟ. ಹೆಚ್ಚು ಬೀಜ ಹಾಕಿದರೆ ದಿಬ್ಬ ಇನ್ನೂ ದಟ್ಟವಾಗುತ್ತದೆ, ತಗ್ಗು ಖಾಲಿಯೇ ಉಳಿಯುತ್ತದೆ.

ಕಾರಟಗಿ ಕ್ಯಾಂಪ್
ಹೆಕ್ಟೇರಿಗೆ 150 ಎಂದರೆ ಎಕರೆಗೆ 60 ಕೆಜಿ! ನಾವು ಒಣ ಬಿತ್ತನೆಗೆ 10-12 ಕೆಜಿಯಲ್ಲಿ ಮುಗಿಸುತ್ತೇವೆ. ಬಿಸಿಲು ದೇಶದ ಪುಣ್ಯ.

ಮಡಿಕೇರಿ ಮಂಜು
ಬೀಜ ನೆನೆಸಿ ಬಿತ್ತಬಹುದಲ್ಲವೇ? ಒಂದು ರಾತ್ರಿ ನೆನೆಸಿ, ನೆರಳಲ್ಲಿ ಮತ್ತೆ ಒಣಗಿಸಿ ಕೂರಿಗೆಗೆ ಹಾಕುವುದು. ಮೊಳಕೆಯ ಅರ್ಧ ಕೆಲಸ ಮನೆಯಲ್ಲೇ ಬೆಚ್ಚಗೆ ಮುಗಿದಿರುತ್ತದೆ.

ಸಸಿಮಡಿ
ಅದು ಒಳ್ಳೆಯ ಉಪಾಯ. ಚಳಿಯಲ್ಲಿ ಅದರ ಲಾಭ ಎದ್ದು ಕಾಣುತ್ತದೆ. ಮೊಳಕೆ ಹೊರಗೆ ಕಾಣುವ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಯಂತ್ರದಲ್ಲಿ ಮುರಿಯುತ್ತದೆ. ಜೊತೆಗೆ ಆಳ. ಗಿಡ್ಡ ತಳಿಗಳ ಚಿಗುರು ಮೂರು ಸೆಂಟಿಮೀಟರಿಗಿಂತ ಆಳದಿಂದ ಮೇಲೆ ಬರಲು ಬೆಚ್ಚನೆಯ ಮಣ್ಣಿನಲ್ಲೇ ತಿಣುಕುತ್ತದೆ. ತಣ್ಣನೆಯ ಮಣ್ಣಿನಲ್ಲಿ ದಾರಿಯಲ್ಲೇ ಬೀಜದ ತಿರುಳು ಮುಗಿಯುತ್ತದೆ.

ರಿವರಿನಾ ವಾಸಿ
ಎಲ್ಲರಿಗೂ ಧನ್ಯವಾದ. ನಿನ್ನೆ ಯಜಮಾನರ ಜೊತೆ ಈ ಚರ್ಚೆಯ ಸಾರ ಮಾತನಾಡಿದೆ. ಐದು ದಿನದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಐದು ದಿನವೂ ನನಗೆ ಬೇಕು" ಎಂದರು. ಮೊಂಡು ಮನುಷ್ಯ. ಆದರೆ ಒಂದು ಮಾತಿಗೆ ಒಪ್ಪಿದ್ದಾರೆ. ಯಂತ್ರದ ಬಿತ್ತನೆಯನ್ನು ಸೆಪ್ಟೆಂಬರ್‌ನಲ್ಲೇ ಮುಗಿಸಿ, ನೀರು ಬಿಡುವುದನ್ನು ಮಾತ್ರ ತಡಮಾಡುವುದು. ಬೀಜದ ಆಳದಲ್ಲಿ ಮಣ್ಣಿನ ಥರ್ಮಾಮೀಟರ್ ನೆಟ್ಟು ಬೆಳಗ್ಗೆಯೂ ಮಧ್ಯಾಹ್ನವೂ ನೋಡಿ, ಸರಾಸರಿ 15 ದಾಟಿ ಕೆಲ ದಿನ ಅಲ್ಲೇ ನಿಂತ ಮೇಲೆ ಮೊದಲ ನೀರು. ಮಳೆ ಬಂದು ಮುಂಚೆಯೇ ನೆನೆಸಿಬಿಟ್ಟರೆ ನಮ್ಮ ಹಣೆಬರಹ. ಬರ್ರಿಂಜಕ್, ಬ್ಲೋವರಿಂಗ್ ಅಣೆಕಟ್ಟುಗಳಿಂದ ಬರುವ ನೀರು ಹಲವು ದಿನ ಹರಿದು ಇಲ್ಲಿಗೆ ತಲುಪುವುದರಿಂದ ಸ್ಯಾಕ್ರಮೆಂಟೊದವರಷ್ಟು ತಣ್ಣೀರಿನ ಕಾಟ ನಮಗಿಲ್ಲ.

ಕೂರಿಗೆ
ಈಗ ಸರಿಯಾಯಿತು. ಒಂದೇ ಮಾತು ಬಾಕಿ. ಪೆಂಡಿಮೆಥಾಲಿನ್ ಥರದ, ಕಳೆ ಮೊಳೆಯುವ ಮುಂಚೆ ಹೊಡೆಯುವ ಔಷಧ ಬಳಸುತ್ತೀರೇನು? ಅದನ್ನು ಕೂರಿಗೆ ಹಿಂದೆಯೇ ಹೊಡೆಯಬೇಡಿ, ಮೊದಲ ನೀರಿನ ಜೊತೆಗೆ ಹೊಂದಿಸಿ. ಭತ್ತ ಏಳಲು ಮೂರು ವಾರ ಹಿಡಿದರೆ ಔಷಧದ ಅರ್ಧ ಶಕ್ತಿ ಖಾಲಿ ನೆಲ ಕಾಯುವುದರಲ್ಲೇ ಹೋಗುತ್ತದೆ.

ರಿವರಿನಾ ವಾಸಿ
ಬಳಸುತ್ತೇವೆ. ನೀರು ಬಸಿದ ಮೇಲೆ, ಭತ್ತ ಹೊರಬರುವ ಮುಂಚೆ ಹೊಡೆಯುವುದು ಇಲ್ಲಿಯ ಕ್ರಮ. ಆದರೂ ದಿನ ನೋಡಿಕೊಳ್ಳುತ್ತೇನೆ.

ಅಕ್ಕಿರೊಟ್ಟಿ
ಬೆಳೆ ಬಂದ ಮೇಲೆ ಯಾವ ಅಕ್ಕಿ ಎಂದು ಹೇಳಿ. ಉದುರು ಅನ್ನದ ತಳಿಯಾದರೆ ತಂಗಿಗೆ ತಿಳಿಸುತ್ತೇನೆ.

ರಿವರಿನಾ ವಾಸಿ
ರೈಜಿಕ್ ತಳಿ ಅಕ್ಕ, ಮಧ್ಯಮ ಗಾತ್ರದ್ದೇ. ಬಿಸಿಬೇಳೆಬಾತು ಮಾಡಲು ಹೇಳಿ.